ಬದುಕಿನ ಕಥೆ ಬರೆದುಕೊಡುವ ಕಸುಬು

‘ನಮ್ಮ ಅಜ್ಜಿಯ ಕಥೆ ಬರೆದರೆ ಅದೇ ಒಂದು ದೊಡ್ಡ ಪುರಾಣವಾಗುತ್ತದೆ’ ಎಂದು ಹೇಳದ ಮನೆ ನಮ್ಮಲ್ಲಿ ವಿರಳ. ಹೇಳುವವರು ಎಲ್ಲರೂ; ಬರೆಯುವವರು ಯಾರೂ ಇಲ್ಲ. ಅಜ್ಜಿ ಒಂದು ದಿನ ಹೋಗಿಬಿಡುತ್ತಾರೆ, ಪುರಾಣವೂ ಅವರ ಜೊತೆಗೇ ಹೋಗುತ್ತದೆ. ಈ ನಷ್ಟವನ್ನು ತಪ್ಪಿಸಿಕೊಡುವುದನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವರು ಇದ್ದಾರೆ. ಸಾಮಾನ್ಯ ಜನರ ಮನೆಗೆ ಹೋಗಿ, ಅವರ ಬಾಳಿನ ಕಥೆಯನ್ನು ಕೇಳಿ, ಧ್ವನಿ ಮುದ್ರಿಸಿ, ತಿದ್ದಿ, ಪುಸ್ತಕ ಮಾಡಿಕೊಡುವುದು ಅವರ ಕೆಲಸ. ಅಮೆರಿಕದಲ್ಲಿ ಇಂಥವರನ್ನು ‘ಪರ್ಸನಲ್ ಹಿಸ್ಟಾರಿಯನ್’ ಎನ್ನುತ್ತಾರೆ. ಹೆಸರು ಹೊಸದು. ಕಸುಬು ಮಾತ್ರ ನಮಗೆ ಅಷ್ಟೇನೂ ಹೊಸದಲ್ಲ.

ಹೆಳವರ ಹೊತ್ತಿಗೆ

ಉತ್ತರ ಕರ್ನಾಟಕದ ಓದುಗರಿಗೆ ಹೆಳವರನ್ನು ಪರಿಚಯಿಸಬೇಕಾಗಿಲ್ಲ. ಊರೂರು ತಿರುಗಿ ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುವುದು, ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಳ್ಳುವುದು ಅವರ ಕುಲಕಸುಬು. 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಗ್ರಂಥಮಾಲೆಯಲ್ಲಿ ಎಡ್ಗರ್ ಥರ್ಸ್ಟನ್ ಇವರ ಬಗ್ಗೆ ಬರೆದಿದ್ದಾನೆ. ಕಾಲನ್ನು ಕಂಬಳಿಯಲ್ಲಿ ಮುಚ್ಚಿಕೊಂಡು, ಎತ್ತಿನ ಮೇಲೆ ಕುಳಿತು ಊರಿಗೆ ಬರುವ ಇವರು ಮನೆಮನೆಯ ಇತಿಹಾಸವನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರನ್ನೂ ಹೇಳುತ್ತಾರೆ ಎಂಬುದು ಅವನ ವರದಿ. ಹೆಳವ ಎಂದರೆ ಕುಂಟ ಎಂದು ಅರ್ಥ. ಕಂಬಳಿ ಮುಚ್ಚಿದ ಕಾಲಿಗೂ ಈ ಹೆಸರಿಗೂ ನಂಟು ಸ್ಪಷ್ಟವಾಗಿಯೇ ಇದೆ.

ವ್ಯಾಪಾರದ ಕಣ್ಣಿನಿಂದ ನೋಡಿದರೆ ಹೆಳವರ ವ್ಯವಸ್ಥೆ ಬಹಳ ಅಚ್ಚುಕಟ್ಟಾದದ್ದು. ಯಾವ ಊರು ಯಾರಿಗೆ ಎಂಬುದು ಅವರ ಕುಟುಂಬಗಳ ನಡುವೆ ಹಂಚಿಕೆಯಾಗಿರುತ್ತದೆ. ಆ ಹಕ್ಕು ತಂದೆಯಿಂದ ಮಗನಿಗೆ ಬರುತ್ತದೆ. ಪ್ರತಿಫಲವಾಗಿ ಕಾಳುಕಡಿ, ಕುರಿ, ಆಕಳು, ಬೆಳ್ಳಿ, ರೊಕ್ಕ. ಗಮನಿಸಬೇಕಾದ ಮಾತೊಂದಿದೆ. ಮನೆಯವರ ಎದುರೇ ವಂಶಾವಳಿಯನ್ನು ಗಟ್ಟಿಯಾಗಿ ಹೇಳುವುದರಿಂದ, ತಪ್ಪಿದ್ದರೆ ‘ಅದು ಹಂಗಲ್ಲಪ್ಪಾ’ ಎಂದು ತಿದ್ದಲು ಮನೆಯ ಹಿರಿಯರಿಗೆ ಅಲ್ಲೇ ಅವಕಾಶವಿದೆ. ಬರೆದದ್ದನ್ನು ಹೇಳಿದವರಿಗೇ ಓದಿ ತೋರಿಸುವ ಈ ಪದ್ಧತಿಯನ್ನು ನೆನಪಿಟ್ಟುಕೊಳ್ಳೋಣ. ಮುಂದೆ ಬೇಕಾಗುತ್ತದೆ.

ಹರಿದ್ವಾರದ ಪಂಡರ ‘ಬಹಿ’ಗಳೂ ಇದೇ ಜಾತಿಯವು. ಯಾತ್ರೆಗೆ ಹೋದವರ ಊರು, ಮನೆತನವನ್ನು ಹಿಡಿದು ಹುಡುಕಿದರೆ ಹಿಂದೆ ಅಲ್ಲಿಗೆ ಬಂದಿದ್ದ ಮುತ್ತಜ್ಜನ ಹೆಸರು ಸಿಗುವುದುಂಟು. ಆದರೆ ಈ ಎರಡು ದಾಖಲೆಗಳಿಗೂ ಒಂದು ಮಿತಿ ಇದೆ. ಅವು ಸಾಮಾನ್ಯವಾಗಿ ಗಂಡು ಸಂತಾನದ ಸಾಲನ್ನು ಹಿಡಿದು ನಡೆಯುತ್ತವೆ. ಯಾರು ಯಾರ ಮಗ ಎಂದು ಹೇಳುತ್ತವೆ. ಅವನು ಹೇಗೆ ಬಾಳಿದ, ಏನನ್ನು ಕಂಡು ಹೆದರಿದ, ಯಾರನ್ನು ನೆನೆದು ಅತ್ತ ಎಂದು ಹೇಳುವುದಿಲ್ಲ. ವಂಶದ ಮರ ಸಿಗುತ್ತದೆ, ಎಲೆಗಳ ಮರ್ಮರ ಸಿಗುವುದಿಲ್ಲ.

ಯಂತ್ರ ಬಂತು

ಆ ಮರ್ಮರವನ್ನು ಹಿಡಿಯಲು ಯಂತ್ರ ಬರಬೇಕಾಯಿತು. 1948ರಲ್ಲಿ ಅಲನ್ ನೆವಿನ್ಸ್ ಎಂಬ ಇತಿಹಾಸಕಾರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೌಖಿಕ ಇತಿಹಾಸದ ಕಚೇರಿಯನ್ನು ಆರಂಭಿಸಿದ. ಟೆಲಿಫೋನು ಬಂದ ಮೇಲೆ ದೊಡ್ಡವರು ಪತ್ರ ಬರೆಯುವುದನ್ನು ಬಿಡುತ್ತಿದ್ದಾರೆ, ಮುಂದಿನವರಿಗೆ ಇತಿಹಾಸ ಬರೆಯಲು ಏನು ಉಳಿಯುತ್ತದೆ ಎಂಬುದು ಅವನ ಚಿಂತೆಯಾಗಿತ್ತು. ಮೊದಲು ಕೈಯಲ್ಲೇ ಟಿಪ್ಪಣಿ ಬರೆದುಕೊಂಡರು. ಆಮೇಲೆ ಧ್ವನಿ ಮುದ್ರಣದ ಯಂತ್ರ ಬಂತು. ಆರಂಭದ ವರ್ಷಗಳಲ್ಲಿ ಮಾತನ್ನು ಟೈಪು ಮಾಡಿಕೊಂಡ ಮೇಲೆ, ಖರ್ಚು ಉಳಿಸಲೆಂದು ಟೇಪನ್ನು ಅಳಿಸಿ ಮತ್ತೆ ಬಳಸುತ್ತಿದ್ದರಂತೆ. ಧ್ವನಿಗೂ ಬೆಲೆಯಿದೆ ಎಂದು ಹೊಳೆದದ್ದು ತಡವಾಗಿ.

ನೆವಿನ್ಸ್ ಕೇಳಿದ್ದು ದೊಡ್ಡವರ ಮಾತು. ಸಾಮಾನ್ಯರ ಮನೆಗೆ ಈ ವಿದ್ಯೆ ಬರಲು ಕ್ಯಾಸೆಟ್ ಬೇಕಾಯಿತು. ಫಿಲಿಪ್ಸ್ ಕಂಪನಿ 1963ರಲ್ಲಿ ಅದನ್ನು ಹೊರತಂದ ಮೇಲೆ ಅಂಗೈಯಗಲದ ಪೆಟ್ಟಿಗೆಯಲ್ಲಿ ಒಂದು ಗಂಟೆಯ ಮಾತು ಅಡಕವಾಯಿತು. ಮುಂದೆ 1995ರಲ್ಲಿ, ಹಣ ಪಡೆದು ಕುಟುಂಬಗಳ ಕಥೆ ಬರೆದುಕೊಡುತ್ತಿದ್ದವರು ಅಮೆರಿಕದಲ್ಲಿ ಒಂದು ಸಂಘವನ್ನೇ ಕಟ್ಟಿಕೊಂಡರು. ಬಹುಮಟ್ಟಿಗೆ ಒಬ್ಬರೋ ಇಬ್ಬರೋ ಮನೆಯಿಂದಲೇ ನಡೆಸುವ ಸಣ್ಣ ವ್ಯಾಪಾರಗಳು ಅವು. ಆ ಸಂಘ 2017ರಲ್ಲಿ ಮುಚ್ಚಿತು. ಕಸುಬು ಮುಚ್ಚಲಿಲ್ಲ. ಈಗ ವಾರಕ್ಕೊಂದು ಪ್ರಶ್ನೆಯನ್ನು ಇ-ಮೇಲಿನಲ್ಲಿ ಕಳಿಸಿ, ಬಂದ ಉತ್ತರಗಳನ್ನು ವರ್ಷದ ಕೊನೆಗೆ ಪುಸ್ತಕ ಮಾಡಿಕೊಡುವ ಕಂಪನಿಗಳೂ ಇವೆ.

ಗಂಟೆಗಳ ಲೆಕ್ಕ

ಕೇಳುವುದಕ್ಕೆ ಇದು ಸುಲಭದ ಕೆಲಸ. ಹಿರಿಯರ ಮುಂದೆ ಕುಳಿತು ಮಾತು ಕೇಳುವುದು, ಅಷ್ಟೇ ತಾನೆ? ಕೈ ಹಾಕಿದವರಿಗೆ ಮೊದಲು ಅರಿವಾಗುವುದು, ಮಾತಿಗೆ ಹಿಡಿಯುವ ಹೊತ್ತು ಇಡೀ ಕೆಲಸದ ಒಂದು ಸಣ್ಣ ಪಾಲು ಎಂಬ ಸತ್ಯ.

ವಯಸ್ಸಾದವರನ್ನು ಒಮ್ಮೆಗೆ ಒಂದೂವರೆ ಗಂಟೆಗಿಂತ ಹೆಚ್ಚು ಕೂರಿಸುವುದು ಒಳ್ಳೆಯದಲ್ಲ. ಏಳೆಂಟು ಬಾರಿ ಕುಳಿತರೆ ಹತ್ತು ಗಂಟೆಯ ಮಾತು ಸಿಗುತ್ತದೆ ಎನ್ನಿ. ಒಂದು ಗಂಟೆಯ ಮಾತನ್ನು ಅಕ್ಷರಕ್ಕೆ ಇಳಿಸಲು ನುರಿತ ಕೈಗೂ ಐದಾರು ಗಂಟೆ ಬೇಕು. ಅಲ್ಲಿಗೆ ಬರಹಕ್ಕೇ ಐವತ್ತು ಅರವತ್ತು ಗಂಟೆ. ಮುದುಕರ ಮಾತು ನೇರ ರಸ್ತೆಯಲ್ಲಿ ಹೋಗುವುದಿಲ್ಲ. ಮದುವೆಯ ಕಥೆ ನಡುವೆ ಎಮ್ಮೆ ಕಳೆದುಹೋದ ಕಥೆ ಬರುತ್ತದೆ, ಅದರ ನಡುವೆ ಪ್ಲೇಗಿನ ವರ್ಷ ಬರುತ್ತದೆ. ಇವನ್ನೆಲ್ಲ ಬಿಡಿಸಿ ಜೋಡಿಸಲು ಮತ್ತೆ ಅಷ್ಟೇ ಹೊತ್ತು. ಹಳೆಯ ಫೋಟೊಗಳ ಪ್ರತಿ ತೆಗೆದು ಅದರಲ್ಲಿರುವವರ ಹೆಸರು ಕೇಳಿ ಬರೆಯುವುದು, ಕರಡು ತಿದ್ದುವುದು, ಮುದ್ರಣಾಲಯಕ್ಕೆ ಅಲೆಯುವುದು ಬೇರೆ. ಹತ್ತು ಗಂಟೆಯ ಮಾತು ಪುಸ್ತಕವಾಗುವ ಹೊತ್ತಿಗೆ ನೂರೈವತ್ತು ಗಂಟೆಯ ದುಡಿಮೆ ಕರಗಿರುತ್ತದೆ. ಮಾತಿನ ಗಂಟೆಗಷ್ಟೇ ಬೆಲೆ ಕಟ್ಟಿದವರು ಮೊದಲ ಪುಸ್ತಕಕ್ಕೇ ಅಂಗಡಿ ಮುಚ್ಚಬೇಕಾಗುತ್ತದೆ. ಅದಕ್ಕೇ ಅನುಭವಸ್ಥರು ಒಪ್ಪಂದವಾದಾಗ ಒಂದು ಪಾಲು, ಕರಡು ಕೈಗೆ ಬಂದಾಗ ಒಂದು ಪಾಲು, ಅಚ್ಚಾದಾಗ ಉಳಿದದ್ದು ಎಂದು ಹಣವನ್ನು ಕಂತಿನಲ್ಲಿ ಪಡೆಯುತ್ತಾರೆ.

ಈಗ ಮಾತನ್ನು ತಾನೇ ಅಕ್ಷರ ಮಾಡುವ ಕಂಪ್ಯೂಟರ್ ತಂತ್ರಾಂಶಗಳು ಬಂದಿವೆ. ಕೆಲಸ ಹಗುರಾಗಿರುವುದು ನಿಜ. ಆದರೆ ಕುಂದಾಪುರದ ಅಥವಾ ಕಲಬುರ್ಗಿಯ ಆಡುನುಡಿ ಬಂದಾಗ ಅವು ಎಡವುತ್ತವೆ. ಎಡವುವುದು ಯಂತ್ರ ಮಾತ್ರವಲ್ಲ. ‘ಬಂದಿದ್ವಿ ನೋಡವಾ’ ಎಂದು ಅಜ್ಜಿ ಹೇಳಿದ್ದನ್ನು ‘ಬಂದಿದ್ದೆವು’ ಎಂದು ಶುದ್ಧ ಮಾಡುವ ಬರಹಗಾರನೂ ಎಡವಿದಂತೆಯೇ. ಸುದ್ದಿ ಉಳಿಯುತ್ತದೆ, ಅಜ್ಜಿ ಹೋಗಿಬಿಡುತ್ತಾರೆ.

ಕೇಳುವುದರಲ್ಲೂ ಒಂದು ಹದವಿದೆ. ‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಎಂದರೆ ‘ಏನಿದೆ ಹೇಳೋಕೆ, ಎಲ್ಲರ ಹಾಗೇ’ ಎಂಬ ಉತ್ತರ ಬರುತ್ತದೆ. ‘ನೀವು ಹುಟ್ಟಿದ ಮನೆಯ ಬಾಗಿಲು ತೆಗೆದರೆ ಮೊದಲು ಏನು ಕಾಣುತ್ತಿತ್ತು?’ ಎಂದು ಕೇಳಿದರೆ ಕೊಟ್ಟಿಗೆ, ಒರಳುಕಲ್ಲು, ಅದರ ಪಕ್ಕ ಕೂರುತ್ತಿದ್ದ ವಿಧವೆ ಅತ್ತೆ, ಆ ಅತ್ತೆಯ ಇಡೀ ಬದುಕು ಒಂದರ ಹಿಂದೊಂದು ಬರುತ್ತವೆ. ಇನ್ನೊಂದು ಮಾತು: ಹೇಳುವವರು ಸುಮ್ಮನಾದಾಗ ಕೇಳುವವರೂ ಸುಮ್ಮನಿರಬೇಕು. ಮುಖ್ಯವಾದದ್ದು ಎಷ್ಟೋ ಸಲ ಆ ಮೌನದ ಆಚೆ ಇರುತ್ತದೆ.

ನೆನಪು ಸುಳ್ಳು ಹೇಳುತ್ತದೆಯೆ?

ಹಿರಿಯರು ಹೇಳಿದ್ದೆಲ್ಲ ನಿಜವೆ ಎಂಬ ಪ್ರಶ್ನೆ ಸಹಜ. ಇಟಲಿಯ ವಿದ್ವಾಂಸ ಅಲೆಸ್ಸಾಂದ್ರೊ ಪೋರ್ತೆಲ್ಲಿ ಇದಕ್ಕೆ ಒಂದು ಒಳ್ಳೆಯ ನಿದರ್ಶನ ಕೊಟ್ಟಿದ್ದಾನೆ. ತೆರ್ನಿ ಎಂಬ ಕೈಗಾರಿಕಾ ಪಟ್ಟಣದಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಯುವ ಕಾರ್ಮಿಕ 1949ರಲ್ಲಿ, ನ್ಯಾಟೋ ಒಪ್ಪಂದದ ವಿರುದ್ಧದ ಪ್ರದರ್ಶನದಲ್ಲಿ ಪೊಲೀಸರಿಂದ ಹತನಾದ. ದಶಕಗಳ ನಂತರ ಪೋರ್ತೆಲ್ಲಿ ಹಳೆಯ ಕಾರ್ಮಿಕರನ್ನು ಮಾತನಾಡಿಸಿದಾಗ ಹಲವರು ಆ ಸಾವನ್ನು 1953ಕ್ಕೆ, ಉಕ್ಕಿನ ಕಾರ್ಖಾನೆಯಿಂದ ಸಾವಿರಾರು ಜನರನ್ನು ತೆಗೆದುಹಾಕಿದಾಗ ನಡೆದ ಹೋರಾಟದ ದಿನಗಳಿಗೆ ಸೇರಿಸಿ ಹೇಳಿದರು. ದಿನಾಂಕ ತಪ್ಪು. ಆದರೆ ಆ ತಪ್ಪಿಗೆ ಅರ್ಥವಿತ್ತು. ಗೆಳೆಯನ ಸಾವು ತಮ್ಮ ಬದುಕಿನ ಅತಿ ದೊಡ್ಡ ಹೋರಾಟದೊಳಗೆ ಇರಬೇಕಿತ್ತು ಎಂದು ಅವರ ಮನಸ್ಸು ಬಯಸಿತ್ತು. ಒಳ್ಳೆಯ ಕಥೆಗಾರ ಇಂಥ ತಪ್ಪನ್ನು ಹೊಡೆದುಹಾಕುವುದಿಲ್ಲ; ಮಾತನ್ನು ಹಾಗೇ ಇಟ್ಟು ಸರಿಯಾದ ವರ್ಷವನ್ನು ಅಡಿಯಲ್ಲಿ ಸೂಚಿಸುತ್ತಾನೆ.

ಯಾರು ಕೇಳುತ್ತಿದ್ದಾರೆ ಎಂಬುದರ ಮೇಲೂ ಕಥೆ ಬದಲಾಗುತ್ತದೆ. ಅಮೆರಿಕದ ಸರ್ಕಾರ 1936ರಿಂದ 1938ರವರೆಗೆ, ಹಿಂದೆ ಗುಲಾಮರಾಗಿದ್ದವರ ಬದುಕಿನ ಕಥೆಗಳನ್ನು ಬರೆಸಿತು. ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಕಥೆಗಳು ಸೇರಿದವು. ಅವುಗಳಲ್ಲಿ ಚಾರ್ಲ್ಸ್‌ಟನ್ ನಗರದ ಸೂಸನ್ ಹ್ಯಾಮ್ಲಿನ್ ಎಂಬ ವೃದ್ಧೆಯ ಕಥೆ ಎರಡು ಬಾರಿ ದಾಖಲಾಗಿದೆ. ನೆರವಿನ ಕಚೇರಿಯಿಂದ ಬಂದವಳೆಂದು ತಾನು ಭಾವಿಸಿದ್ದ ಬಿಳಿಯ ಹೆಂಗಸಿನ ಮುಂದೆ ಆಕೆ ತನ್ನ ಒಡೆಯ ಬಹಳ ಒಳ್ಳೆಯವನೆಂದಳು. ಕರಿಯ ಜನಾಂಗದ ಸಂದರ್ಶಕ ಕೇಳಿದಾಗ ಚಾಟಿಯೇಟಿನ, ತಾಯಿ ಮಕ್ಕಳನ್ನು ಅಗಲಿಸಿ ಮಾರುತ್ತಿದ್ದ ಕಥೆ ಹೊರಬಂತು. ಅದೇ ಬಾಯಿ, ಅದೇ ಬದುಕು, ಎರಡು ಕಥೆ. ಎದುರಿಗಿದ್ದವರನ್ನು ನೋಡಿ ಆಕೆ ತನ್ನ ಕಥೆಯನ್ನು ಆರಿಸಿಕೊಂಡಳು.

ಕಥೆ ಯಾರದು?

ಈ ಕಸುಬಿನ ಕಷ್ಟದ ಗಂಟು ಇರುವುದು ಇಲ್ಲಿಯೇ. ಹಣ ಕೊಡುವವರು ಸಾಮಾನ್ಯವಾಗಿ ಮಕ್ಕಳು; ಮಾತನಾಡುವವರು ತಂದೆ ತಾಯಿ. ಮಗ ದೂರದ ಊರಿನಲ್ಲಿದ್ದಾನೆ, ಅಮ್ಮನ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಚಂದದ ಪುಸ್ತಕ ಬೇಕು ಎನ್ನುತ್ತಾನೆ. ಅಮ್ಮ ಮಾತಿಗೆ ಕೂತಾಗ, ಇಷ್ಟು ವರ್ಷ ಯಾರೂ ಕೇಳದಿದ್ದ ಮಾತನ್ನೂ ಹೇಳುತ್ತಾಳೆ: ಆಸ್ತಿ ಪಾಲಿನ ದಿನ ತವರಿನವರು ನಡೆದುಕೊಂಡ ರೀತಿ, ಸತ್ತುಹೋದ ಮಗು, ಓದಲು ಬಿಡದ ಮಾವ. ಮಗನಿಗೆ ಇದು ಬೇಡ, ಅಮ್ಮನಿಗೆ ಬೇಕು. ಬರೆಯುವವನು ಯಾರ ಮಾತು ಕೇಳಬೇಕು? ಹಣ ಕೊಟ್ಟವನದ್ದನ್ನು ಕೇಳಿದರೆ ಅದು ನಮ್ಮಲ್ಲಿ ಧಾರಾಳವಾಗಿ ಬರುವ ಅಭಿನಂದನ ಗ್ರಂಥಗಳಿಗೆ ಇನ್ನೊಂದು ಸೇರ್ಪಡೆ.

ಕೇರಳದ ನಳಿನಿ ಜಮೀಲಾ ಅವರ ಉದಾಹರಣೆ ಇಲ್ಲಿ ಸ್ಮರಣೀಯ. ಲೈಂಗಿಕ ಕಾರ್ಯಕರ್ತೆಯಾಗಿದ್ದ ಅವರು ಹೇಳಿದ್ದನ್ನು ಬೇರೊಬ್ಬರು ಬರೆದು 2005ರಲ್ಲಿ ಆತ್ಮಕಥೆಯಾಗಿ ಪ್ರಕಟವಾಯಿತು. ಪುಸ್ತಕ ಭರದಿಂದ ಮಾರಾಟವಾಯಿತು. ಆದರೆ ಆ ಬರಹದಲ್ಲಿ ಅವರಿಗೆ ತಮ್ಮ ಕಥೆ ಸರಿಯಾಗಿ ಕಾಣಲಿಲ್ಲ. ಜನ ಮೆಚ್ಚಿದ ಪುಸ್ತಕವನ್ನೇ ಪಕ್ಕಕ್ಕಿಟ್ಟು, ಬೇರೆಯವರ ನೆರವಿನಿಂದ ತಮಗೆ ಒಪ್ಪಿಗೆಯಾಗುವಂತೆ ಇನ್ನೊಂದು ಆವೃತ್ತಿಯನ್ನು ಹೊರತಂದರು. ತನ್ನ ಬದುಕು ಹೀಗಿತ್ತು ಎಂದು ಹೇಳುವ ಕೊನೆಯ ಅಧಿಕಾರ ಬದುಕಿದವರದು ಎಂಬುದನ್ನು ಇದಕ್ಕಿಂತ ಗಟ್ಟಿಯಾಗಿ ಹೇಳುವುದು ಕಷ್ಟ.

ಆದ್ದರಿಂದ ಈ ವೃತ್ತಿಯನ್ನು ಮರ್ಯಾದೆಯಿಂದ ನಡೆಸುವವರು ಮೊದಲೇ ಒಂದು ಕಾಗದ ಮಾಡಿಕೊಳ್ಳುತ್ತಾರೆ. ಯಾವುದು ಉಳಿಯಬೇಕು, ಯಾವುದು ತೆಗೆಯಬೇಕು ಎಂಬ ತೀರ್ಮಾನ ಹೇಳಿದವರದು, ಹಣ ಕೊಟ್ಟವರದಲ್ಲ. ಧ್ವನಿ ಮುದ್ರಣ ಯಾರ ಬಳಿ ಇರಬೇಕು, ಎಷ್ಟು ಪ್ರತಿ ಅಚ್ಚಾಗಬೇಕು, ಬದುಕಿರುವ ಮೂರನೆಯವರ ಹೆಸರು ಬರಬೇಕೇ ಬೇಡವೇ ಎಂಬುದೂ ಅದರಲ್ಲಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಚ್ಚಿಗೆ ಹೋಗುವ ಮುನ್ನ ಇಡೀ ಬರಹವನ್ನು ಹೇಳಿದವರಿಗೇ ಓದಿ ಕೇಳಿಸುತ್ತಾರೆ. ‘ಅದು ಹಂಗಲ್ಲಪ್ಪಾ’ ಎನ್ನುವ ಅವಕಾಶ ಅದು. ಹೆಳವರಿಗೆ ತಿಳಿದಿದ್ದ ವಿಷಯವೇ.

ಹಣವಿಲ್ಲದವರ ಕಥೆ ಏನಾಗಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ವ್ಯಾಪಾರ ಅದಕ್ಕೆ ಉತ್ತರ ಕೊಡಲಾರದು. ಅಮೆರಿಕದಲ್ಲಿ ಡೇವ್ ಐಸೇ 2003ರಲ್ಲಿ ಆರಂಭಿಸಿದ ‘ಸ್ಟೋರಿಕೋರ್’ ಎಂಬ ಲಾಭರಹಿತ ಸಂಸ್ಥೆ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಸಣ್ಣ ಕೋಣೆ ಕಟ್ಟಿ ಕೆಲಸ ಶುರುಮಾಡಿತು. ಪರಸ್ಪರ ಬಲ್ಲ ಇಬ್ಬರು ಕುಳಿತು ನಲವತ್ತು ನಿಮಿಷ ಮಾತನಾಡಬಹುದು. ಒಪ್ಪಿದರೆ ಅದರ ಪ್ರತಿ ಆ ದೇಶದ ಸಂಸತ್ ಗ್ರಂಥಾಲಯವನ್ನು ಸೇರುತ್ತದೆ. ನಮ್ಮ ಜಿಲ್ಲಾ ಗ್ರಂಥಾಲಯಗಳಲ್ಲಿ, ಕಾಲೇಜುಗಳಲ್ಲಿ ಇಂಥದ್ದೊಂದು ಕೋಣೆಗೆ ಜಾಗ ಸಿಗದೇ ಇರದು.

ಅಲ್ಲಿಯವರೆಗೆ ಮನೆಯವರೇ ಮಾಡಬಹುದಾದದ್ದು ಬಹಳವಿದೆ. ಕೈಯಲ್ಲಿರುವ ಮೊಬೈಲ್ ಫೋನೇ ಸಾಕು. ಫ್ಯಾನು, ಟಿ.ವಿ. ಆರಿಸಿ, ಫೋನನ್ನು ಹತ್ತಿರ ಇಡಿ. ಮೊದಲಿಗೆ ದಿನಾಂಕ, ಊರು, ಹೆಸರು ಹೇಳಿಸಿ. ಮುದ್ರಣದ ಎರಡು ಪ್ರತಿ ಎರಡು ಬೇರೆ ಕಡೆ ಇರಲಿ. ಹಳೆಯ ಕ್ಯಾಸೆಟ್ಟುಗಳಲ್ಲಿ ಮನೆಯವರ ಧ್ವನಿ ಇದ್ದರೆ ಬೇಗ ಪ್ರತಿ ಮಾಡಿಸಿ. ಟೇಪು ಬೂಷ್ಟು ಹಿಡಿಯುತ್ತದೆ, ಅದನ್ನು ನುಡಿಸುವ ಯಂತ್ರವೂ ಅಪರೂಪವಾಗುತ್ತಿದೆ. ಬರೆದುಕೊಂಡದ್ದನ್ನು ಅವರಿಗೇ ಒಮ್ಮೆ ಓದಿ ಹೇಳಿ. ಕೂಲಿಗೆ ಕರೆಸಿದವರಾಗಲಿ, ಮನೆಯ ಮೊಮ್ಮಗಳಾಗಲಿ, ಹೇಳಿದವರು ಕೇಳಿ ‘ಹೌದು, ಹೀಗೇ ಇತ್ತು’ ಎಂದರೆ ಮಾತ್ರ ಆ ಕಥೆ ಪೂರ್ತಿಯಾಯಿತು ಎನ್ನಬಹುದು.