ಗೃಹರಕ್ಷಣೆ: ಹಗಲಿನಲ್ಲಿ ಆಗತಕ್ಕ ಕೆಲಸ

ಬೇಸಿಗೆಯ ರಜೆ ಬಂದಿತೆಂದರೆ ಪಟ್ಟಣದ ಬಡಾವಣೆಗಳಲ್ಲಿ ಬೀಗ ಬಿದ್ದ ಮನೆಗಳು ಹೆಚ್ಚುವುವು. ಅದರೊಡನೆ ಕಳವಿನ ಭಯವೂ ಹೆಚ್ಚುವುದು. ಈ ಭಯವನ್ನು ನಮ್ಮ ಗೃಹಸ್ಥರು ಎದುರಿಸುವ ಕ್ರಮವು ಎರಡು ಬಗೆಯದಾಗಿದೆ. ಕೆಲವರು ಇದೆಲ್ಲವೂ ಪೋಲೀಸಿನವರ ಕೆಲಸವೆಂದು ಹೇಳಿ ನಿದ್ರೆಹೋಗುವರು. ಮತ್ತೆ ಕೆಲವರು ಬಂದೂಕಿನ ಲೈಸೆನ್ಸಿಗೆ ಅರ್ಜಿ ಬರೆಯುವರು, ಇಲ್ಲವೆ ಮಂಚದ ಕೆಳಗೆ ಮಚ್ಚನ್ನಿಟ್ಟುಕೊಂಡು ಧೈರ್ಯ ತಂದುಕೊಳ್ಳುವರು. ಇವೆರಡರಲ್ಲಿ ಯಾವುದನ್ನೂ ಗೃಹರಕ್ಷಣೆಯ ಏರ್ಪಾಡೆಂದು ನಾವು ಕರೆಯಲಾರೆವು. ಮನೆಯ ರಕ್ಷಣೆಯು ಕಳ್ಳನು ಒಳನುಗ್ಗಿದ ಗಳಿಗೆಯಲ್ಲಿ ನಿಶ್ಚಯವಾಗತಕ್ಕುದಲ್ಲ. ಹಗಲುಹೊತ್ತಿನಲ್ಲಿ ಮನೆಮಂದಿಯೆಲ್ಲ ಕೂಡಿ ಕುಳಿತು, ಯಾರು ಏನು ಮಾಡಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಾಗೆ ಗೊತ್ತುಮಾಡಿಕೊಳ್ಳುವಾಗ, ಕಾಯಬೇಕಾದುದು ಮನೆಯ ಜನರನ್ನೇ ಹೊರತು ಮನೆಯ ಪೆಟ್ಟಿಗೆಯನ್ನಲ್ಲವೆಂಬ ವಿಷಯದಲ್ಲಿ ಸಂಶಯವಿರಕೂಡದು.

ಕಳ್ಳನ ಬುದ್ಧಿಯನ್ನು ತಿಳಿಯಬಯಸುವವರು ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕವನ್ನು ಓದಬೇಕು. ಚಾರುದತ್ತನ ಮನೆಗೆ ಕನ್ನ ಹಾಕಲು ಬಂದ ಶರ್ವಿಲಕನು, ನಿತ್ಯವೂ ಸೂರ್ಯನಿಗೆ ಅರ್ಘ್ಯ ಬಿಟ್ಟ ನೀರು ಬಿದ್ದುಬಿದ್ದು ಸಡಿಲವಾದ ಸ್ಥಳವನ್ನೇ ಹುಡುಕಿ ತೆಗೆಯುವನು. ಅಳತೆಯ ದಾರವನ್ನು ಮರೆತುಬಂದಿರಲು ಜನಿವಾರವನ್ನೇ ದಾರ ಮಾಡಿಕೊಳ್ಳುವನು. ಮಲಗಿದವರದು ನಿಜವಾದ ನಿದ್ರೆಯೋ ಕಪಟನಿದ್ರೆಯೋ ಎಂದು ದೀಪ ಹಿಡಿದು ಪರೀಕ್ಷಿಸುವನು. ಕೊನೆಗೆ ಒಡವೆಯ ಭರಣಿಯನ್ನು ಅವನ ಕೈಗೆ ಕೊಟ್ಟವನು ಯಾರು? ನಿದ್ರೆಯಲ್ಲಿ ಬಡಬಡಿಸುತ್ತಿದ್ದ ಮೈತ್ರೇಯನೇ! ಓದಿ ನಗತಕ್ಕ ಸಂದರ್ಭವಿದು. ಆದರೆ ಗೃಹಸ್ಥನ ನಿತ್ಯದ ಅಭ್ಯಾಸವೇ ಕಳ್ಳನಿಗೆ ಗೋಡೆಯ ದುರ್ಬಲಸ್ಥಾನವನ್ನು ತೋರಿಸಿಕೊಟ್ಟಿತೆಂಬ ಸಂಗತಿಯನ್ನು ನಗುತ್ತ ಮರೆಯಲಾಗದು.

ಇಂದಿನ ಶರ್ವಿಲಕರೂ ನಮ್ಮ ಅಭ್ಯಾಸಗಳನ್ನೇ ಓದುವರು. ಬಾಗಿಲ ಮುಂದೆ ರಂಗೋಲಿ ಇಲ್ಲ; ಜಗುಲಿಯ ಮೇಲೆ ಮೂರು ದಿನದ ಪತ್ರಿಕೆಗಳು ಬಿದ್ದಿವೆ; ಹೊರದೀಪವು ಹಗಲೆಲ್ಲ ಉರಿಯುತ್ತಿದೆ; ಚಿಲಕಕ್ಕೆ ದೊಡ್ಡ ಬೀಗವೊಂದು ತೂಗಾಡುತ್ತಿದೆ. ಇದಕ್ಕಿಂತ ಸ್ಪಷ್ಟವಾದ ಆಮಂತ್ರಣಪತ್ರಿಕೆ ಬೇರೆ ಬೇಕೆ? ಸಾಲದುದಕ್ಕೆ ಕಾಶಿಯಾತ್ರೆಗೆ ಹೋದವರು ಗಂಗೆಯ ದಡದಿಂದಲೇ ತಮ್ಮ ಚಿತ್ರಗಳನ್ನು ಮೊಬೈಲಿನ ಮೂಲಕ ಊರಿಗೆಲ್ಲ ಸಾರುವರು. ಬೀಗದ ಕೈಯನ್ನು ತುಳಸಿಯ ಕಟ್ಟೆಯ ಹಿಂದೆಯೋ ಹೂವಿನ ಕುಂಡದ ಕೆಳಗೋ ಇಡುವ ಸಂಪ್ರದಾಯವಂತೂ ಎಲ್ಲ ಕಳ್ಳರಿಗೂ ತಿಳಿದುದೇ ಆಗಿದೆ. ಊರಿಗೆ ಹೋಗುವವರು ನಂಬಿಕೆಯ ನೆರೆಯವರೊಬ್ಬರಿಗೆ ಹೇಳಿ ಪತ್ರಿಕೆಯನ್ನು ತೆಗೆಯಿಸಿ, ಬಾಗಿಲಿಗೆ ನೀರು ಹಾಕಿಸಿ, ಠಾಣೆಗೂ ತಿಳಿಸಿ ಹೋದರೆ ಅರ್ಧ ಕೆಲಸವು ಕಾಸು ಖರ್ಚಿಲ್ಲದೆ ಆದಂತಾಯಿತು.

ಇನ್ನು ಬಾಗಿಲಿನ ವಿಷಯ. ನಮ್ಮ ಹಳೆಯ ತೊಟ್ಟಿಮನೆಗಳ ತಲೆಬಾಗಿಲಿಗೆ ಅಗುಳಿಯೆಂಬ ಮರದ ತೊಲೆಯಿರುತ್ತಿತ್ತು. ಅದರ ಎರಡು ತುದಿಗಳೂ ಗೋಡೆಯೊಳಗೆ ಕುಳಿತಿರುತ್ತಿದ್ದುದರಿಂದ ಹೊರಗಿನ ಹೊಡೆತವನ್ನು ಗೋಡೆಯೇ ತಡೆಯುತ್ತಿತ್ತು. ಈಗಿನವರು ಸಾಗುವಾನಿಯ ಬಾಗಿಲಿಗೆ ಸಾವಿರಾರು ರೂಪಾಯಿ ಸುರಿದು ಗಜಲಕ್ಷ್ಮಿಯನ್ನು ಕೆತ್ತಿಸುವರು. ಆದರೆ ಆ ಬಾಗಿಲನ್ನು ಹಿಡಿದಿರುವ ಚಿಲಕವನ್ನೂ ತಿರುಗಣೆಯನ್ನೂ ಅಂಗುಲದುದ್ದದ ತಿರುಪುಗಳಿಂದ ಚೌಕಟ್ಟಿನ ಮೇಲುಮೈಗೆ ಕಚ್ಚಿಸಿರುವರು. ಬಲವಾದ ಒದೆತಕ್ಕೆ ಸೀಳುವುದು ಬಾಗಿಲಲ್ಲ, ಆ ತಿರುಪುಗಳು ಹಿಡಿದ ಮರ. ಮೂರಂಗುಲದ ತಿರುಪುಗಳನ್ನು ಚೌಕಟ್ಟಿನ ಆಳಕ್ಕೆ ಇಳಿಸುವುದು ಬಡಗಿಗೆ ಒಂದು ಗಳಿಗೆಯ ಕೆಲಸ. ಮುಂಬಾಗಿಲಿಗೆ ಇಷ್ಟು ಮಾಡಿದವರೂ ಹಿತ್ತಿಲ ಬಾಗಿಲನ್ನೂ ತಾರಸಿಯ ಮೆಟ್ಟಿಲ ಬಾಗಿಲನ್ನೂ ಮರೆಯುವರು. ಅಲ್ಲಿ ತೆಳ್ಳಗಿನ ಹಲಗೆ, ತುಕ್ಕು ಹಿಡಿದ ಕೊಂಡಿ, ಮೇಲೆ ಕತ್ತಲೆ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯಿದೆಯಷ್ಟೆ. ನಮ್ಮವರು ಹಾಕುವುದು ಮುಂದಿನ ಬಾಗಿಲನ್ನು ಮಾತ್ರ.

ಕಿಟಕಿಯ ಸರಳುಗಳ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕಳ್ಳನನ್ನು ಹೊರಗಿಡುವ ಕಬ್ಬಿಣವೇ ಬೆಂಕಿ ಬಿದ್ದಾಗ ಮನೆಯವರನ್ನು ಒಳಗೆ ಹಿಡಿದಿಡುವುದು. ಒಂದಾದರೂ ಕಿಟಕಿಯ ಸರಳುಚೌಕಟ್ಟು ಒಳಗಿನಿಂದ ತೆರೆಯುವಂತಿರಬೇಕು; ಒಳಬೀಗದ ಕೈ ಎಲ್ಲಿದೆಯೆಂಬುದು ಮನೆಯ ಚಿಕ್ಕ ಮಗುವಿಗೂ ತಿಳಿದಿರಬೇಕು. ಇನ್ನು ಕ್ಯಾಮರಾ: ಅದು ಸಾಕ್ಷಿಯೇ ಹೊರತು ಕಾವಲುಗಾರನಲ್ಲ. ಅದರ ದಾಖಲೆಯ ಪೆಟ್ಟಿಗೆಯನ್ನು ಕಣ್ಣಿಗೆ ಕಾಣುವಂತೆ ದೂರದರ್ಶನದ ಪಕ್ಕದಲ್ಲಿಟ್ಟರೆ ಕಳ್ಳನು ಸಾಕ್ಷಿಯನ್ನೂ ಹೊತ್ತುಕೊಂಡು ಹೋಗುವನು.

ಹಿಂದೆ ಹಳ್ಳಿಗಳಲ್ಲಿ ತಳವಾರ, ತೋಟಿಗಳೆಂಬ ಕಾವಲಿನವರಿದ್ದರು. ಊರಿಗೆ ಬಂದ ಹೊಸಬನು ಯಾರೆಂದು ತಿಳಿದಿರುವುದೇ ಅವರ ಮುಖ್ಯ ಕರ್ತವ್ಯವಾಗಿತ್ತು. ವಂಶಪಾರಂಪರ್ಯದ ಆ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದುವು. ಹುಟ್ಟಿನ ಕಾರಣದಿಂದ ಒಬ್ಬನನ್ನು ಚಾಕರಿಗೆ ಕಟ್ಟಿಹಾಕುವ ಪದ್ಧತಿ ಹೋದುದು ಒಳಿತೇ. ಆದರೆ ಆ ಕಾವಲಿನ ಸ್ಥಾನಕ್ಕೆ ಬಡಾವಣೆಯ ಜನರು ಏನನ್ನು ತಂದರು? ಗೋಡೆಗೆ ಗೋಡೆ ತಾಗಿದ ಮನೆಯವರ ಹೆಸರೂ ಟೆಲಿಫೋನಿನ ಸಂಖ್ಯೆಯೂ ತಿಳಿಯದ ಗೃಹಸ್ಥನು ಎಷ್ಟು ಬೀಗ ಹಾಕಿದರೂ ಒಂಟಿಯೇ.

ರಾತ್ರಿಯಲ್ಲಿ ಸದ್ದಾದರೆ ಏನು ಮಾಡತಕ್ಕುದು? ಹುಡುಕಹೊರಡಬಾರದು, ಇದು ಮೊದಲ ಮಾತು. ಮನೆಯಲ್ಲಿ ಒಳಗಿನಿಂದ ಭದ್ರವಾಗಿ ಅಗುಳಿ ಹಾಕಬಹುದಾದ ಕೋಣೆಯೊಂದನ್ನು ಮೊದಲೇ ಆರಿಸಿರಬೇಕು. ಮಕ್ಕಳನ್ನು ಕರೆತರುವವರು ಯಾರು, ಮುದುಕರ ಕೈಹಿಡಿಯುವವರು ಯಾರು ಎಂಬುದು ನಿಶ್ಚಯವಾಗಿರಬೇಕು. ಮೊಬೈಲು ಆ ಕೋಣೆಯಲ್ಲಿಯೇ ಇರಬೇಕು. 112ಕ್ಕೆ ಕರೆಮಾಡಿದವನು ಮೊದಲು ವಿಳಾಸವನ್ನೂ ಹತ್ತಿರದ ಗುರುತನ್ನೂ ಹೇಳಬೇಕು. ಭಯದಲ್ಲಿ ಕಥೆಯನ್ನೆಲ್ಲ ಹೇಳಿ ವಿಳಾಸವನ್ನು ಮರೆಯುವುದು ಸಹಜ. ಬಳಿಕ ದೀಪಗಳನ್ನು ಹೊತ್ತಿಸಿ ಒಳಗಿನಿಂದಲೇ ಗದ್ದಲ ಮಾಡಬೇಕು. ಬಹುಪಾಲು ಕಳ್ಳರು ಬಯಸುವುದು ಒಡವೆಯನ್ನು, ಹೊಡೆದಾಟವನ್ನಲ್ಲ. ಓಡುವುದಕ್ಕೆ ದಾರಿ ಬಿಟ್ಟರೆ ಓಡುವರು. ದಾರಿ ಕಟ್ಟಿದರೆ ಬೆಕ್ಕೂ ಮೈಮೇಲೆ ಹಾರುವುದಷ್ಟೆ. ಮೇಲಾಗಿ, ಕತ್ತಲೆಯಲ್ಲಿ ಕಂಡ ಆಕೃತಿಯು ತಡವಾಗಿ ಬಂದ ಸ್ವಂತ ಮಗನೂ ಆಗಿರಬಹುದು, ಬಾಗಿಲು ತಪ್ಪಿದ ನೆರೆಯವನೂ ಆಗಿರಬಹುದು. ದೀಪ ಮೊದಲು, ಪ್ರಶ್ನೆ ಅನಂತರ, ಕೈಯೆತ್ತುವುದು ಬೇರೆ ಉಪಾಯವೇ ಇಲ್ಲದಾಗ.

ಕಾಯಿದೆಯ ವಿಷಯದಲ್ಲಿ ವಿದ್ಯಾವಂತರಲ್ಲಿಯೂ ಇರುವ ಅಜ್ಞಾನವು ಆಶ್ಚರ್ಯಕರವಾದುದು. ಕಳ್ಳನನ್ನು ಮುಟ್ಟಿದರೆ ತಮ್ಮ ಮೇಲೆಯೇ ಮೊಕದ್ದಮೆ ಬೀಳುವುದೆಂದು ಕೆಲವರೂ, ಹೊಸ್ತಿಲು ದಾಟಿದವನನ್ನು ಏನು ಮಾಡಿದರೂ ನಡೆಯುವುದೆಂದು ಕೆಲವರೂ ತಿಳಿದಿದ್ದಾರೆ. ಎರಡೂ ಸುಳ್ಳು. 1860ರ ದಂಡಸಂಹಿತೆಯಲ್ಲಿದ್ದ ಆತ್ಮರಕ್ಷಣೆಯ ಹಕ್ಕು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರ ವರೆಗಿನ ಕಲಮುಗಳಾಗಿ ಉಳಿದುಬಂದಿದೆ. 41ನೆಯ ಕಲಮಿನಂತೆ, ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆಯನ್ನು ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿಯಿಡುವುದು, ಪ್ರಾಣಕ್ಕೋ ಭಾರಿ ಗಾಯಕ್ಕೋ ಅಂಜಿಕೆ ಹುಟ್ಟಿಸುವಂತಹ ಕಳವು ಅಥವಾ ಗೃಹಾತಿಕ್ರಮಣ ಮುಂತಾದ ಸಂದರ್ಭಗಳಲ್ಲಿ ಈ ಹಕ್ಕು ಆಕ್ರಮಣಕಾರನ ಪ್ರಾಣಹಾನಿಯವರೆಗೂ ಹಬ್ಬುವುದು. ಹೇಡಿಯಂತೆ ಓಡಿಹೋಗಬೇಕೆಂದು ಕಾಯಿದೆ ಯಾರಿಗೂ ವಿಧಿಸಿಲ್ಲವೆಂಬುದನ್ನು ಪಂಜಾಬಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ವಿಶದಪಡಿಸಿತು. ಆದರೆ 37ನೆಯ ಕಲಮು ಕಡಿವಾಣ ಹಾಕಿದೆ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡಕೂಡದು. ಸರಕಾರಿ ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದಲ್ಲಿ ಈ ಹಕ್ಕೇ ಇಲ್ಲ. ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸುವುದೂ, ಸಿಕ್ಕಿದವನನ್ನು ಕಂಬಕ್ಕೆ ಕಟ್ಟಿ ಬಡಿಯುವುದೂ ರಕ್ಷಣೆಯೆನಿಸಲಾರವು. ಜಾಮೀನಿಲ್ಲದ ಗುರುತರ ಅಪರಾಧವನ್ನು ತನ್ನ ಕಣ್ಣೆದುರಿಗೆ ಮಾಡಿದವನನ್ನು ಸಾಮಾನ್ಯ ಪ್ರಜೆಯೂ ಹಿಡಿಯಬಹುದು. ಹಿಡಿದವನನ್ನು ತಡಮಾಡದೆ, ಆರು ಗಂಟೆಗಳೊಳಗಾಗಿ ಪೋಲೀಸಿಗೆ ಒಪ್ಪಿಸಬೇಕು.

ಕಿಟಕಿಗೂ ಬೇಲಿಗೂ ವಿದ್ಯುತ್ತಿನ ತಂತಿ ಹಾಯಿಸಿ ಮಲಗುವ ಜಾಣರು 1963ರ ತೀರ್ಪೊಂದನ್ನು ತಿಳಿದಿರಬೇಕು. ಬಿಹಾರದಲ್ಲಿ ಒಬ್ಬನು ತನ್ನ ಪಾಯಖಾನೆಗೆ ಅನ್ಯರು ಬರದಂತೆ ಹಾದಿಯಲ್ಲಿ ವಿದ್ಯುತ್ತು ಹರಿಯುವ ತಾಮ್ರದ ತಂತಿಯನ್ನು ಕಟ್ಟಿದ್ದನು. ನೆರೆಯ ಹೆಂಗಸೊಬ್ಬಳು ಅದನ್ನು ಮುಟ್ಟಿ ಸತ್ತಳು. ಆತ್ಮರಕ್ಷಣೆಯ ವಾದವನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅವನ ಶಿಕ್ಷೆ ಸ್ಥಿರವಾಯಿತು. ತಂತಿಗೆ ಕಳ್ಳನಾರು, ನೆರೆಯವಳಾರು ಎಂಬ ವಿವೇಚನೆಯಿಲ್ಲವಷ್ಟೆ.

ಬಂದೂಕಿನ ಪ್ರಶ್ನೆಯು ನಮ್ಮ ದೇಶದಲ್ಲಿ ಕೇವಲ ಕಳ್ಳರ ಪ್ರಶ್ನೆಯಾಗಿರಲಿಲ್ಲ. 1878ರ ಕಾಯಿದೆಯಿಂದ ಪರಕೀಯರು ಜನರನ್ನು ನಿರಾಯುಧರನ್ನಾಗಿ ಮಾಡಿದುದು ರಾಷ್ಟ್ರದ ಅಪಮಾನವೆಂದು ಹಿರಿಯರು ಭಾವಿಸಿದರು. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ ಆಯುಧಧಾರಣೆಯ ಹಕ್ಕು ಸೇರಿತ್ತು. 1948ರ ಡಿಸೆಂಬರಿನಲ್ಲಿ ಶ್ರೀ ಎಚ್. ವಿ. ಕಾಮತರು ಅದನ್ನು ಸಂವಿಧಾನದಲ್ಲಿಯೂ ಸೇರಿಸಬೇಕೆಂದು ತಿದ್ದುಪಡಿ ತಂದಾಗ ಸಂವಿಧಾನ ಸಭೆಯು ಒಪ್ಪಲಿಲ್ಲ. ಸಭೆ ಮಾಡಿದುದು ಸರಿಯೆಂದೇ ನಮ್ಮ ಅಭಿಪ್ರಾಯ. ಕೊಡಗಿನ ಮಾತು ಬೇರೆ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನೆರೆಮನೆಯು ಕೂಗಳತೆಗೆ ಸಿಕ್ಕದ ತೋಟದಲ್ಲಿ, ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಸಲ್ಲಿಸಿ ಅದರ ಶಿಸ್ತನ್ನು ಎಳೆತನದಿಂದ ಕಲಿಯುವ ಮನೆತನಕ್ಕೂ, ಬೆಂಗಳೂರಿನ ಮೂರನೆಯ ಮಹಡಿಯ ಗುಮಾಸ್ತನಿಗೂ ಹೋಲಿಕೆಯೆಲ್ಲಿ? ಬೀಗ ಹಾಕಿಟ್ಟ ಬಂದೂಕು ರಾತ್ರಿ ಎರಡು ಗಂಟೆಗೆ ಕೈಗೆ ಸಿಕ್ಕದು. ಬೀಗವಿಲ್ಲದ ಬಂದೂಕು ಮಧ್ಯಾಹ್ನ ಎರಡು ಗಂಟೆಗೆ ಮಗುವಿನ ಕೈಗೆ ಸಿಕ್ಕುವುದು.

ಭಯವು ಸಾರ್ವಜನಿಕವಾದಾಗ ಆಗುವ ಅನರ್ಥವನ್ನು 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಕಂಡೆವು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ, ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನು ಗುಂಪಿನ ಹೊಡೆತಕ್ಕೆ ಪ್ರಾಣ ಬಿಟ್ಟನು. ಹೊಡೆದವರಲ್ಲಿ ಅನೇಕರು ತಾವು ತಮ್ಮ ಮಕ್ಕಳನ್ನು ರಕ್ಷಿಸುತ್ತಿದ್ದೇವೆಂದೇ ನಂಬಿದ್ದಿರಬೇಕು. 112ಕ್ಕೆ ಕರೆಮಾಡುವ ಬದಲು ಬೀದಿಗೆ ಕರೆಮಾಡುವ ಅಭ್ಯಾಸವು ಇಲ್ಲಿಗೆ ಒಯ್ಯುವುದು.

ಸರಕಾರದವರಲ್ಲಿ ನಮ್ಮದೊಂದು ಸೂಚನೆಯುಂಟು. ಆತ್ಮರಕ್ಷಣೆಯ ಹನ್ನೊಂದು ಕಲಮುಗಳು ಕನ್ನಡದಲ್ಲಿ ಕೆಲವೇ ಪುಟಗಳಾಗುವುವು. ಸುಲಭವಾದ ಉದಾಹರಣೆಗಳೊಡನೆ ಅವನ್ನು ಅಚ್ಚುಮಾಡಿಸಿ, ಊರಿಗೆ ಹೋಗುವೆವೆಂದು ತಿಳಿಸಲು ಠಾಣೆಗೆ ಬರುವ ಪ್ರತಿಯೊಬ್ಬ ಗೃಹಸ್ಥನಿಗೂ ಒಂದೊಂದು ಪ್ರತಿಯನ್ನು ಕೊಡಬಹುದು. ಅದೇ ಕಾಗದದ ಹಿಂಬದಿಯಲ್ಲಿ ಆ ಬೀದಿಯ ಬೀಟಿನ ಪೇದೆಯ ಟೆಲಿಫೋನು ಸಂಖ್ಯೆಯಿರಲಿ.