ಕೋಗಳಿನಾಡಿನಲ್ಲಿ ಜಿನಮತತ್ಯಾಗ

ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿದ ಕೋಗಳಿಯು ಈಗ ಒಂದು ಸಾಧಾರಣವಾದ ಗ್ರಾಮ. ಹಿಂದೆ ಇದು ಕೋಗಳಿ ಐನೂರು ಎಂಬ ನಾಡಿಗೆ ತನ್ನ ಹೆಸರನ್ನೇ ಕೊಟ್ಟ ಸ್ಥಳವಾಗಿದ್ದಿತು. ಜೈನರಿಗೆ ಪೂಜ್ಯವಾದ ತಾಣವೂ ಆಗಿದ್ದಿತು. ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದ, ಶಕ 977ರ, ಎಂದರೆ ಕ್ರಿ. ಶ. 1055ರ ಶಾಸನವು ಇಲ್ಲಿಯ ಬಸದಿಯನ್ನು ದುರ್ವಿನೀತನು ಕಟ್ಟಿಸಿದನೆಂದು ಹೇಳಿ, ಕೊಂಡಕುಂದಾನ್ವಯದ ಇಂದ್ರಕೀರ್ತಿ ಮುನಿಯು ಅದಕ್ಕೆ ಬಿಟ್ಟ ದತ್ತಿಯನ್ನು ತಿಳಿಸುತ್ತದೆ. ದುರ್ವಿನೀತನು ಗಂಗವಂಶದ ಅರಸನೇ ಆಗಿದ್ದ ಪಕ್ಷದಲ್ಲಿ, ಶಾಸನವು ಹುಟ್ಟುವ ವೇಳೆಗೆ ಬಸದಿಗೆ ಸುಮಾರು ಐನೂರು ವರ್ಷಗಳ ವಯಸ್ಸಾಗಿದ್ದಿರಬೇಕು.

ಈ ಸುತ್ತಿನ ಹಳ್ಳಿಗಳಲ್ಲಿ ಈಗ ಜೈನರ ಮನೆಗಳು ಬಹು ವಿರಳ. ವೀರಶೈವರ ಪಂಚಪೀಠಗಳಲ್ಲೊಂದಾದ ಉಜ್ಜಯಿನಿಯೂ ಗುರುಬಸವೇಶ್ವರನ ಕೊಟ್ಟೂರೂ ಈ ಸೀಮೆಯಲ್ಲಿಯೇ ಇವೆ. ಹಾಗಾದರೆ ಚೆನ್ನಪಾರ್ಶ್ವನಿಗೆ ಕೈಮುಗಿಯುತ್ತಿದ್ದವರ ಸಂತತಿ ಏನಾಯಿತು? ಅವರು ತಂದೆತಾತಂದಿರ ಮತವನ್ನು ಏಕೆ ಬಿಟ್ಟರು?

ಇದಕ್ಕೆ ಐತಿಹ್ಯದಲ್ಲಿ ಸಿದ್ಧವಾದ ಉತ್ತರವೊಂದುಂಟು. ಕೊಟ್ಟೂರು ಮೊದಲು ಜೈನರ ನೆಲೆಯಾಗಿದ್ದಿತೆಂದೂ, ಗುರುಬಸವೇಶ್ವರನು ಬಂದು ಅವರನ್ನು ವಾದದಲ್ಲಿ ಗೆದ್ದನೆಂದೂ, ಸೋತವರು ಲಿಂಗಧಾರಣೆ ಮಾಡಿಕೊಂಡರೆಂದೂ ಅಲ್ಲಿಯ ಜನರು ಹೇಳುತ್ತ ಬಂದಿದ್ದಾರೆ. ಇಂತಹ ಕಥೆಗಳು ಕನ್ನಡನಾಡಿನ ಬೇರೆ ಭಾಗಗಳಲ್ಲಿಯೂ ಇವೆ. ಅವುಗಳಲ್ಲೆಲ್ಲ ಪ್ರಸಿದ್ಧವಾದದ್ದು ಹಾವೇರಿ ಜಿಲ್ಲೆಯ ಅಬ್ಬಲೂರಿನದು. ಅದು ಕೇವಲ ಬಾಯಿಮಾತಾಗಿರದೆ, ಕ್ರಿ. ಶ. 1200ರ ಸುಮಾರಿನ ಶಿಲಾಶಾಸನವಾಗಿಯೇ ಉಳಿದಿರುವುದರಿಂದ ಅದನ್ನು ಸ್ವಲ್ಪ ನಿಂತು ನೋಡಬೇಕು.

ಆಲಂದೆಯಲ್ಲಿ ಹುಟ್ಟಿದ ಏಕಾಂತದ ರಾಮಯ್ಯನು ಅಬ್ಬಲೂರಿಗೆ ಬಂದಾಗ ಶಂಕಗಾವುಂಡನೇ ಮೊದಲಾದ ಜೈನರು ಶಿವನನ್ನು ಹಳಿದರು. ರಾಮಯ್ಯನು ತನ್ನ ತಲೆಯನ್ನು ಅರಿದು ಶಿವನಿಗೆ ಒಪ್ಪಿಸಿ ಮರಳಿ ಪಡೆಯುವೆನೆಂದು ಪಣ ತೊಟ್ಟನು. ಹಾಗಾದರೆ ಜಿನನನ್ನು ತೆಗೆದು ಶಿವನನ್ನು ಪ್ರತಿಷ್ಠಿಸುವೆವೆಂದು ಜೈನರು ಓಲೆ ಬರೆದುಕೊಟ್ಟರು. ಏಳು ದಿನಗಳ ಮೇಲೆ ತಲೆ ಮತ್ತೆ ಕೂಡಿಕೊಂಡಿತು. ಇದು ಶಾಸನದ ಮಾತು. ಆದರೆ ಮುಂದೆ ಅದೇ ಶಾಸನವು ಹೇಳುವುದೇನು? ಪಣದಲ್ಲಿ ಸೋತ ಜೈನರು ಮಾತಿನಂತೆ ನಡೆಯಲಿಲ್ಲ. ರಾಮಯ್ಯನು ಜಿನಬಿಂಬವನ್ನು ಒಡೆಯಲು, ಅವರು ಕಳಚುರ್ಯ ಬಿಜ್ಜಳನಲ್ಲಿಗೆ ಹೋಗಿ ದೂರಿತ್ತರು. ಪಣವನ್ನು ಮತ್ತೊಮ್ಮೆ ಒಡ್ಡಲು ರಾಮಯ್ಯನು ಸಿದ್ಧನಾದರೂ ಅವರು ಒಡಂಬಡಲಿಲ್ಲ. ಕೊನೆಗೆ ಬಿಜ್ಜಳನು ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟನು. ಆಮೇಲೆ ನಾಲ್ವಡಿ ಸೋಮೇಶ್ವರನೂ ಹಾನಗಲ್ಲಿನ ಕದಂಬ ಕಾಮದೇವನೂ ದೇವಾಲಯಕ್ಕೆ ದತ್ತಿ ಬಿಟ್ಟರು.

ಇಲ್ಲಿ ಗಮನಿಸತಕ್ಕದ್ದು ಒಂದಿದೆ. ಪವಾಡವನ್ನು ಕಣ್ಣಾರೆ ಕಂಡರೆಂದು ಹೇಳಲಾದವರೂ ಮತವನ್ನು ಬಿಡಲಿಲ್ಲ. ಅರಸನ ಬಳಿಗೆ ಹೋಗಿ ನ್ಯಾಯವನ್ನು ಕೇಳಿದರು. ಗೆದ್ದವರು ತಾವೇ ಬರೆಯಿಸಿದ ಶಾಸನದಲ್ಲಿ ಈ ಮಾತು ಉಳಿದಿರುವುದರಿಂದ ಇದರ ಬೆಲೆ ಹೆಚ್ಚು. ಆ ಶಾಸನವು ದೇವಾಲಯದ ಭೂಮಿಗೆ ಆಧಾರಪತ್ರ. ಜನರ ಮನಸ್ಸು ಹೇಗೆ ತಿರುಗಿತೆಂಬುದನ್ನು ತಿಳಿಸುವುದು ಅದರ ಉದ್ದೇಶವಲ್ಲ.

ಕೋಗಳಿಯ ಸಾಕ್ಷ್ಯವೂ ಇದಕ್ಕೆ ಅನುಗುಣವಾಗಿಯೇ ಇದೆ. ಅಬ್ಬಲೂರಿನ ಘಟನೆಯಾಗಿ ಸುಮಾರು ನೂರು ವರ್ಷಗಳು ಕಳೆದ ಮೇಲೆ, ಹೊಯ್ಸಳ ವೀರರಾಮನಾಥನ ಕಾಲದಲ್ಲಿ, ಕ್ರಿ. ಶ. 1276ರಲ್ಲಿಯೂ ಕೋಗಳಿಯ ಚೆನ್ನಪಾರ್ಶ್ವನಿಗೆ ಹೊನ್ನಿನ ದಾನವು ಸಂದಿತು. ವೀರಶೈವವು ಪ್ರಬಲಿಸಿ ಒಂದು ಶತಮಾನವಾದರೂ ಇಲ್ಲಿಯ ಬಸದಿಯ ದೀಪವು ಆರಿರಲಿಲ್ಲವೆಂಬುದು ಇದರಿಂದ ಸ್ಪಷ್ಟ. ಒಂದು ದಿನದ ವಾದದಿಂದ ಊರಿಗೆ ಊರೇ ಮತಾಂತರ ಹೊಂದಿತೆಂಬುದನ್ನು ಅಕ್ಷರಶಃ ನಂಬುವುದು ಕಷ್ಟ.

ಮತವನ್ನು ತೊರೆದವನ ಅಂತರಂಗವು ಶಾಸನಗಳಿಂದ ತಿಳಿಯುವಂತಹುದಲ್ಲ. ಈ ಕೊರತೆಯನ್ನು ನೀಗಿಕೊಳ್ಳಲು ತೊರೆದವರೇ ತಮ್ಮ ಕಥೆಯನ್ನು ಬರೆದಿಟ್ಟಿರುವ ಸಮೀಪಕಾಲದ ಒಂದು ಸಂಪ್ರದಾಯದತ್ತ ನೋಡಬಹುದು. ಅಮೆರಿಕಾ ದೇಶದಲ್ಲಿ 1830ರಲ್ಲಿ ಜೋಸೆಫ್ ಸ್ಮಿತ್ತನು ಸ್ಥಾಪಿಸಿದ ಮಾರ್ಮನ್ ಸಂಪ್ರದಾಯವು ಅಂತಹುದು. ಸ್ಮಿತ್ತನು ಈಜಿಪ್ಟಿನ ಕೆಲವು ಪ್ರಾಚೀನ ಸುರುಳಿಗಳನ್ನು ಅಬ್ರಹಾಮನ ಗ್ರಂಥವೆಂದು ಅನುವಾದಿಸಿದ್ದನು. ಅವುಗಳ ತುಣುಕುಗಳು 1967ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಿಂದ ಬೆಳಕಿಗೆ ಬಂದಾಗ, ವಿದ್ವಾಂಸರು ಅವುಗಳನ್ನು ಈಜಿಪ್ಟಿನವರ ಉತ್ತರಕ್ರಿಯೆಯ ಬರಹಗಳೆಂದು ಓದಿದರು. ಕಪ್ಪು ಜನರಿಗೆ 1978ರ ವರೆಗೆ ಪೌರೋಹಿತ್ಯವನ್ನು ನಿಷೇಧಿಸಿದ್ದುದು ಮತ್ತೊಂದು ತೊಡಕು. ಇವುಗಳನ್ನು ತಿಳಿದು ಕೆಲವರ ಶ್ರದ್ಧೆ ಕದಲಿತು. ಆದರೆ ತಿಳಿದವರೆಲ್ಲರೂ ಹೊರಬರಲಿಲ್ಲ. ಅವರ ಪವಿತ್ರಮಂದಿರದಲ್ಲಿ ನಡೆಯುವ ಮದುವೆಗೆ ಅರ್ಹತಾಪತ್ರವಿಲ್ಲದವರಿಗೆ ಪ್ರವೇಶವಿಲ್ಲ. ಸಂಪ್ರದಾಯವನ್ನು ಬಿಟ್ಟ ತಾಯಿಯು ಮಗಳ ಧಾರೆಯ ಹೊತ್ತಿನಲ್ಲಿ ಹೊರಗೆ ನಿಲ್ಲಬೇಕು. ಸಂಶಯವು ಹುಟ್ಟುವುದು ಬೇರೆ, ಮತವನ್ನು ಬಿಡುವುದು ಬೇರೆ. ಇವೆರಡರ ನಡುವೆ ನೆಂಟರಿಷ್ಟರ ಹಂಗು ಇದೆ.

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಕನ್ನಡನಾಡಿನ ಜೈನರ ಸ್ಥಿತಿಯನ್ನು ವಿಚಾರಿಸಿದರೆ ಹಲವು ಕಾರಣಗಳು ತೋರುತ್ತವೆ. ಬಸದಿಯು ನಿಂತಿದ್ದುದು ಅರಸರ ಮತ್ತು ವರ್ತಕರ ದತ್ತಿಗಳ ಮೇಲೆ. ರಾಷ್ಟ್ರಕೂಟರು ಮತ್ತು ಗಂಗರು ಅಳಿದ ತರುವಾಯ ರಾಜಾಶ್ರಯವು ಕ್ರಮವಾಗಿ ತಗ್ಗಿತು. ದತ್ತಿಯು ನಿಂತರೆ ಪೂಜೆ ನಿಲ್ಲುವುದು ಮಾತ್ರವಲ್ಲ, ಮುನಿಗಳ ವಿಹಾರವೂ ವಿರಳವಾಗುವುದು. ಉಪದೇಶವನ್ನು ಕೇಳದ ಶ್ರಾವಕನಿಗೆ ಅವನ ಮತವು ಹೆಸರಿಗೆ ಮಾತ್ರ ಉಳಿಯುವುದು. ವೀರಶೈವನಿಗಾದರೋ ಗುಡಿಯ ಹಂಗಿಲ್ಲ; ಇಷ್ಟಲಿಂಗವು ಎದೆಯ ಮೇಲೆಯೇ ಇದೆ, ಜಂಗಮನು ಬಾಗಿಲಿಗೆ ಬರುತ್ತಾನೆ, ವಚನವು ಮನೆಮಾತಿನಲ್ಲಿದೆ. ಒಕ್ಕಲುತನದಲ್ಲಿ ಜೀವಹಿಂಸೆಯನ್ನು ಕಂಡು ಅಳುಕುವ ಮತವನ್ನು ಬಿಟ್ಟು, ಕಾಯಕವನ್ನೇ ಪೂಜೆಯೆಂದು ಮನ್ನಿಸುವ ಮತಕ್ಕೆ ಬರುವುದು ಉಳುವವನಿಗೆ ಹಗುರವಾಗಿ ತೋರಿರಬಹುದು.

ಇವುಗಳಿಗಿಂತಲೂ ಬಲವಾದ ಕಾರಣವು ಪ್ರಾಯಶಃ ಅಡುಗೆಯ ಮನೆಯಲ್ಲಿದೆ. ಎರಡು ಮತಗಳಲ್ಲಿಯೂ ಮಾಂಸಮದ್ಯಗಳು ವರ್ಜ್ಯ. ಎರಡರಲ್ಲಿಯೂ ಅನ್ನದಾನವು ಶ್ರೇಷ್ಠ. ಜೈನ ಗೃಹಿಣಿಯು ಲಿಂಗವನ್ನು ಧರಿಸಿದ ಮರುದಿನವೂ ಹಿಂದಿನ ಪಾತ್ರೆಗಳಲ್ಲಿಯೇ ಹಿಂದಿನ ಅಡುಗೆಯನ್ನೇ ಮಾಡಬಹುದಾಗಿದ್ದಿತು. ಮುನಿಗೆ ನೀಡುತ್ತಿದ್ದ ಆಹಾರವು ಜಂಗಮನಿಗೆ ಸಂದಿತು. ದಾಟಬೇಕಾದ ಹೊಳೆಯು ಅಗಲವಾಗಿರಲಿಲ್ಲ. ಎರಡು ಮತಗಳ ವಿದ್ವಾಂಸರು ಮಾಡಿದ ಉಗ್ರವಾದ ಖಂಡನೆಗಳನ್ನು ಮಾತ್ರ ಓದಿದವರಿಗೆ ಈ ಸಾಮೀಪ್ಯವು ಕಾಣುವುದಿಲ್ಲ.

ದಾಟಿದವರು ಹಿಂದಿರುಗಿದ್ದೂ ಉಂಟು. ‘ಸಮಯಪರೀಕ್ಷೆ’ಯನ್ನು ರಚಿಸಿದ ಹನ್ನೆರಡನೆಯ ಶತಮಾನದ ಬ್ರಹ್ಮಶಿವನು ಜೈನನಾಗಿ ಹುಟ್ಟಿ, ನಡುವೆ ಶೈವನಾಗಿ, ಅಲ್ಲಿ ಸಾರವನ್ನು ಕಾಣದೆ ಮರಳಿ ಜೈನನಾದವನು. ಅನ್ಯಮತಗಳ ಮೇಲೆ ಅವನ ಮಾತು ಬಹು ಹರಿತವಾಗಿದೆ. ಒಳಹೊಕ್ಕು ಬಂದವನ ಕಟುತ್ವವಿದು.

ಬಲಾತ್ಕಾರವು ಇರಲೇ ಇಲ್ಲವೆಂದು ಇದರಿಂದ ಭಾವಿಸಲಾಗದು. ಬಿಂಬಗಳು ಒಡೆದುವು, ಬಸದಿಗಳು ಕೈಬದಲಾದುವು. 1368ರಲ್ಲಿ ಬುಕ್ಕರಾಯನು ಜೈನರ ಮತ್ತು ಶ್ರೀವೈಷ್ಣವರ ವ್ಯಾಜ್ಯವನ್ನು ತೀರಿಸಬೇಕಾಗಿ ಬಂದಿತು. 1638ರಲ್ಲಿ ಹಳೆಯಬೀಡಿನ ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನು ಲಿಂಗಮುದ್ರೆಯನ್ನು ಒತ್ತಿಸಲು, ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಆಗ ವೀರಶೈವ ಹಿರಿಯರೇ ಕೂಡಿ, ಮೊದಲು ವಿಭೂತಿ-ವೀಳ್ಯಗಳು ಸಂದ ಮೇಲೆ ಜೈನರು ತಮ್ಮ ಪೂಜೆಯನ್ನು ಪೂರ್ವಪದ್ಧತಿಯಂತೆ ನಡೆಸಬಹುದೆಂದು ತೀರ್ಮಾನಿಸಿದರು. ಮಾನವು ಕುಂದಿತು, ಪೂಜೆಯು ಉಳಿಯಿತು. ಇಂತಹ ತೀರ್ಮಾನದ ಕೆಳಗೆ ಬಾಳಿದ ಮನೆಗಳಲ್ಲಿ ಕೆಲವು ಮುಂದಿನ ತಲೆಮಾರಿನಲ್ಲಿ ಬಲವಾದ ಪಕ್ಷವನ್ನು ಸೇರಿದ್ದರೆ ಆಶ್ಚರ್ಯವೇನು? ಅವರನ್ನು ವಾದದಲ್ಲಿ ಸೋತವರೆಂದಾಗಲಿ, ಮತದ್ರೋಹಿಗಳೆಂದಾಗಲಿ ಕರೆಯುವುದು ಅನ್ಯಾಯ.

ಹೀಗೆ ಮನೆಮನೆಯಾಗಿ ನಡೆದ ಬದಲಾವಣೆಯ ಗುರುತು ಜಾತಿಗಳ ಹೆಸರಿನಲ್ಲಿಯೂ ಉಳಿದಿದೆ. ಈ ಸೀಮೆಯ ದಕ್ಷಿಣಕ್ಕೆ ಚಿತ್ರದುರ್ಗ ದಾವಣಗೆರೆಗಳ ಕಡೆ ಹೆಚ್ಚಾಗಿರುವ ಸಾದರೆಂಬ ಒಕ್ಕಲಿಗರಲ್ಲಿ ಲಿಂಗಾಯತ ಸಾದರೂ ಹಿಂದೂ ಸಾದರೂ ಇದ್ದಾರೆ. ಜಿನನನ್ನು ಬಿಡದ ಜೈನ ಸಾದರೂ ಇದ್ದಾರೆ.