ನೇಗಿಲಿನ ಹಾದಿಯಲ್ಲಿ ಬಂದ ಮೋಟಾರು

1946ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯ ಮೂಲವನ್ನು ಅರಿಯಬೇಕಾದರೆ ಬೆಳಗಾವಿಯಿಂದ ಹೊರಟು ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ ಖುರ್ದ, ಶೇಡಬಾಳಗಳನ್ನು ದಾಟಿ ಮಿರಜ ಸೇರುವ ರೈಲುಮಾರ್ಗವನ್ನು ಹಿಡಿಯುವುದು ಒಳಿತು. ಏಕೆಂದರೆ ಈ ಉದ್ಯಮದ ಮೊದಲ ಎರಡು ನೆಲೆಗಳು ಇದೇ ಮಾರ್ಗದ ಎರಡು ಕಡೆಗಳಲ್ಲಿವೆ.

1869ರಲ್ಲಿ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲುಗಳ ತಯಾರಿಕೆಗೆ ತೊಡಗಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆಂದು ರೈತರು ಅಂಜಿದ್ದರಿಂದ ಮೊದಲ ನೇಗಿಲುಗಳು ಬಹುಕಾಲ ಮಾರಾಟವಾಗಲಿಲ್ಲ. ಆದರೆ ಕರಿಕೆಯ ಬೇರು ಆಳಕ್ಕಿಳಿದ ಎರೆಭೂಮಿಯನ್ನು ಮಗುಚಿಹಾಕುವ ಶಕ್ತಿ ಮರದ ನೇಗಿಲಿಗಿಂತ ಈ ನೇಗಿಲಿಗೇ ಹೆಚ್ಚಾಗಿತ್ತು. ಬೆಳಗಾವಿಯಲ್ಲಿ ಕಾರ್ಯಾಗಾರದ ಜಾಗವನ್ನು ಬಿಟ್ಟುಕೊಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ದೊರೆ ಬಾಳಾಸಾಹೇಬ ಪಂತ ಪ್ರತಿನಿಧಿಯವರು ನೆಲವನ್ನೂ ಸಾಲವನ್ನೂ ಒದಗಿಸಿದರು. ಹೀಗೆ 1910ರಲ್ಲಿ ಮಿರಜದ ಆಚೆಗಿನ ಕುಂಡಲ್ ರೋಡ್ ನಿಲ್ದಾಣದ ಬಳಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಬೆಳಗಾವಿ ಅಂದು ಕಳೆದುಕೊಂಡದ್ದು ಸಣ್ಣದೇನಲ್ಲ.

ಅಲ್ಲಿ ನೇಗಿಲಿನ ಬೆನ್ನಿಗೆ ಕಬ್ಬಿನ ಗಾಣ, ಗಾಣದ ಬೆನ್ನಿಗೆ ನೀರೆತ್ತುವ ಪಂಪು ಬಂದವು. ಪಂಪಿನೊಳಗಿನ ಚಕ್ರ ವೇಗವಾಗಿ ತಿರುಗಿ ನೀರನ್ನು ಅಂಚಿಗೆ ಚಿಮ್ಮಿಸಿದಾಗ ನಡುವೆ ಒತ್ತಡ ಕುಗ್ಗಿ, ಕೆಳಗಿನ ನೀರು ಕೊಳವೆಯಲ್ಲಿ ಮೇಲೇರುತ್ತದೆ. ಆ ಚಕ್ರವನ್ನು ತಿರುಗಿಸಲು ಎತ್ತುಗಳು ಸಾಲವು, ಎಂಜಿನ್ ಇಲ್ಲವೇ ಮೋಟಾರು ಬೇಕು. ಈ ಅಗತ್ಯದ ಎರಡು ಕವಲುಗಳೆಂಬಂತೆ 1946ರಲ್ಲೇ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್, ಬೆಂಗಳೂರಿನಲ್ಲಿ ಲಕ್ಷ್ಮಣರಾವ್ ಅವರ ಪುತ್ರ ರವಿ ಕಿರ್ಲೋಸ್ಕರ್ ಅವರ ನೇತೃತ್ವದಲ್ಲಿ ಎಲೆಕ್ಟ್ರಿಕ್ ಕಂಪನಿ ಹುಟ್ಟಿದವು. 1902ರಲ್ಲೇ ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದಿಸಿದ್ದ ಮೈಸೂರು ಸಂಸ್ಥಾನ ಇಂಥ ಕಾರ್ಖಾನೆಗೆ ತಕ್ಕ ನೆಲವಾಗಿತ್ತು. ಮೋಟಾರು, ವಿದ್ಯುಜ್ಜನಕ, ಟ್ರಾನ್ಸ್‌ಫಾರ್ಮರ್‌ಗಳನ್ನು ತಯಾರಿಸುತ್ತ ಕಂಪನಿ ಮುಂದೆ ಹುಬ್ಬಳ್ಳಿ, ಮೈಸೂರುಗಳಿಗೂ ಹರಡಿತು.

ಮೂರು ಫೇಸುಗಳ ವಿದ್ಯುತ್ತು ಮೋಟಾರಿನ ಸ್ಥಿರ ಸುರುಳಿಗಳಲ್ಲಿ ಒಂದರ ಹಿಂದೊಂದು ಏರಿಳಿದು ಸುತ್ತುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಒಳಗಿನ ಉರುಳೆ ಅದನ್ನು ಬೆನ್ನಟ್ಟಿ ತಿರುಗುತ್ತದೆ. ಕೃಷ್ಣೆಯ ದಂಡೆಯ ಅಥಣಿ, ಕಾಗವಾಡ, ರಾಯಬಾಗಗಳಲ್ಲಿ, ದೂಧಗಂಗಾ ವೇದಗಂಗೆಗಳ ಚಿಕ್ಕೋಡಿ, ನಿಪ್ಪಾಣಿ ಸೀಮೆಯಲ್ಲಿ ಹೊಳೆಯ ನೀರು ದೂರದ ಕಬ್ಬಿನ ಗದ್ದೆಗಳನ್ನು ಮುಟ್ಟುವುದು ಇಂಥ ಯಂತ್ರಗಳ ಬಲದಿಂದಲೇ. ಒಂದು ಫೇಸು ತಪ್ಪಿದರೂ ಮೋಟಾರು ನಿಲ್ಲದೆ ತಿರುಗುತ್ತ, ಉಳಿದ ಸುರುಳಿಗಳಲ್ಲಿ ಪ್ರವಾಹ ಹೆಚ್ಚಿ ಕಾಯ್ದು ಸುಡಬಹುದು. ಮಳೆಗಾಲದಲ್ಲಿ ಹೊಳೆ ಏರಿದಾಗ, 2005 ಮತ್ತು 2019ರ ಮಹಾಪೂರಗಳಲ್ಲಾದಂತೆ, ದಂಡೆಯ ಮೋಟಾರುಗಳನ್ನು ಬಿಚ್ಚಿ ಎತ್ತರಕ್ಕೆ ಸಾಗಿಸುವುದು ರೈತರ ಮೊದಲ ಕೆಲಸವಾಗುತ್ತದೆ. ಮುಳುಗಿದವುಗಳನ್ನು ಒಣಗಿಸಿ, ನಿರೋಧಕ ಲೇಪ ಕೆಟ್ಟಿದ್ದರೆ ಹಳೆಯ ತಾಮ್ರದ ತಂತಿಯನ್ನು ತೆಗೆದು ಹೊಸದಾಗಿ ಸುತ್ತಬೇಕಾಗುತ್ತದೆ. ಅದನ್ನು ಬಲ್ಲ ವೈಂಡಿಂಗ್ ಕುಶಲಕರ್ಮಿಗಳು ಈ ಭಾಗದ ಸಂತೆಪೇಟೆಗಳಲ್ಲಿದ್ದಾರೆ.